ತಮ್ಮನಿಗೆ ಹೇಳಿದ ದಾರಿ

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ತಾಲೂಕಿನ ಚರಿತ್ರೆ, ಭೂಗೋಳ ನನಗೆ ಬಾಯಿಪಾಠ. ಅದನ್ನು ಸತ್ತವನೊಬ್ಬನಿಗೆ ಒಪ್ಪಿಸಬೇಕಾದೀತು ಎಂದು ಮಾತ್ರ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಬಂಟ್ವಾಳ ಪೇಟೆಯ ಹಳೆಮನೆ ಮಾರಿ ನಾವು ಬಿ.ಸಿ. ರೋಡಿನ ಫ್ಲ್ಯಾಟಿಗೆ ಬಂದ ವರ್ಷ. ನಮ್ಮಲ್ಲಿ ಜಡಿಮಳೆಯ ಆಟಿ ತಿಂಗಳ ಒಂದು ಸಂಜೆ, ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುವ ಕ್ರಮ. ಆ ದಿನ ಅಮ್ಮ ಬೆಳಗ್ಗಿನಿಂದಲೇ ಮಂಕಾಗಿದ್ದಳು.

"ನಿನ್ನ ಅಪ್ಪ, ಅಜ್ಜ ಹೇಗಾದ್ರೂ ಬರ್ತಾರೆ. ಅವನಿಗೆ ಬಿ.ಸಿ. ರೋಡ್ ಎಲ್ಲಿ ಗೊತ್ತುಂಟು?"

ಅವನು ಅಂದರೆ ನನ್ನ ತಮ್ಮ. ನೇತ್ರಾವತಿ ಪೇಟೆಗೆ ನುಗ್ಗಿದ ಒಂದು ಮಳೆಗಾಲ, ಮನೆಯ ಹಿಂದಿನ ಮೆಟ್ಟಿಲಲ್ಲಿ ಕಾಲು ಜಾರಿ ಹೋದವನು. ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಖಾಲಿ ಮನೆಯಲ್ಲಿ ಹಸಿದು ಕೂತಿರುತ್ತಾನೆ ಎಂಬುದೇ ಅಮ್ಮನ ಸಂಕಟ.

"ನಾವೇ ಹೋಗಿ ಕರ್ಕೊಂಡು ಬರುವ ಮಗಾ. ಊರವರ ಮಕ್ಕಳಿಗೆಲ್ಲ ಪಾಠ ಹೇಳ್ತಿ, ತಮ್ಮನಿಗೆ ದಾರಿ ಹೇಳ್ಲಿಕ್ಕೆ ಆಗುದಿಲ್ವಾ?"

ಇಂಥದ್ದನ್ನೆಲ್ಲ ನಂಬುವ ಗಿರಾಕಿ ನಾನಲ್ಲ. ಆದರೂ ಹೋದೆ. ಹಳೆಮನೆಯ ಜಗಲಿಯೆದುರು ಅಮ್ಮ ಅವನನ್ನು ಮೆಲ್ಲ ಕರೆದಳು. "ಇನ್ನು ಹಿಂದೆ ತಿರುಗ್ಬೇಡ" ಎಂದು ನನಗೆ ಹೇಳಿ ನಡೆಯತೊಡಗಿದಳು.

ಯಾರಾದರೂ ಕೇಳಿಸಿಕೊಂಡರೆ ಎಂದು ನಾಚುತ್ತಲೇ ಶುರುಮಾಡಿದೆ. "ಇಲ್ಲಿಗೆ ಮಂಗಳೂರಿನಿಂದ ದೋಣಿ ಬರ್ತಿತ್ತು ಮಾರಾಯ. ಉಪ್ಪು ಇಳಿಸಿ ಅಕ್ಕಿ ತುಂಬಿಸ್ತಿದ್ರು. ಚಾರ್ಮಾಡಿ ಘಾಟಿ ಇಳಿದ ಗಾಡಿಗಳೂ ಇಲ್ಲಿಗೇ ಬರ್ತಿದ್ದವು. ಮತ್ತೆ ಹೈವೇ ಆಯ್ತು. ಬಸ್ಸು ಅತ್ತ ಹೋಯ್ತು, ಆಫೀಸುಗಳೂ ಅದರ ಹಿಂದೆ ಹೋದವು. ಈಗ ನಾವೂ ಹೋಗುದು."

ಪೇಟೆಯ ಅರ್ಧ ಅಂಗಡಿಗಳ ಬಾಗಿಲು ಎಳೆದಿತ್ತು. ಕೊನೆಯ ಅಂಗಡಿ ದಾಟಿದ ಮೇಲೆ ಬೆನ್ನ ಹಿಂದೆ ಸದ್ದು ಕೇಳಿತು. ಒದ್ದೆ ಕಾಲು ನೆಲಕ್ಕೆ ಬಡಿಯುವ, ಪುಟ್ಟ ಪುಟ್ಟ ಸದ್ದು. ನಾನು ನಿಧಾನವಾದರೆ ಅದೂ ನಿಧಾನ. ಅಮ್ಮನ ಚಪ್ಪಲಿ ಇರಬೇಕು ಎಂದುಕೊಂಡೆ. ಅಮ್ಮ ನನ್ನ ಮುಂದೆ ಹೋಗುತ್ತಿದ್ದಳು.

ಪಾಠ ನಿಲ್ಲಿಸಲು ಧೈರ್ಯ ಸಾಲದೆ ಸಿಕ್ಕಿದ್ದನ್ನೆಲ್ಲ ಹೇಳುತ್ತಾ ಹೋದೆ, ಇದು ಬೈಪಾಸ್, ಅದು ತಾಲೂಕು ಕಚೇರಿ. ಫ್ಲೈಓವರಿನ ಕೆಳಗೆ ರಸ್ತೆ ದಾಟುವಾಗ, "ಕೈ ಹಿಡ್ಕೋ, ಲಾರಿ ಬರ್ತದೆ" ಎಂದು ತಾನಾಗಿ ಬಾಯಿಗೆ ಬಂತು. ಅಮ್ಮ ತಿರುಗಿ ನೋಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆಯಲ್ಲಿ ಹೆಂಡತಿ ಎಲೆ ಹಾಕಿ ಬಡಿಸಿದ್ದಳು. ಬಾಗಿಲು ಮುಚ್ಚಿ ನಾವು ಕಾರಿಡಾರಿನಲ್ಲಿ ನಿಂತೆವು. ಪಕ್ಕದ ಫ್ಲ್ಯಾಟಿನಲ್ಲಿ ಟಿವಿ ಧಾರಾವಾಹಿ ಓಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋದೆವು.

ಊಟವಾದ ಮೇಲೆ ಬಂದವರನ್ನು ಕಳಿಸಿಕೊಡಬೇಕು. ಅಮ್ಮ ಅಜ್ಜನ ಎಲೆಗೆ ನೀರು ಬಿಟ್ಟು, "ಸಂತೋಷದಲ್ಲಿ ನಿಮ್ಮ ಜಾಗಕ್ಕೆ ಹೋಗಿ" ಎಂದಳು. ಅಪ್ಪನ ಎಲೆಗೂ ಹಾಗೇ ಹೇಳಿದಳು. ತಮ್ಮನ ಎಲೆಯ ಮುಂದೆ ನೀರಿನ ಚೆಂಬು ಕೆಳಗಿಟ್ಟಳು.

"ಅವನನ್ನೂ ಕಳಿಸ್ಬೇಕಲ್ಲ ಅಮ್ಮ?"

"ಎಲ್ಲಿಗೆ? ಆ ಮನೆ ಮಾರಿ ಆಯ್ತಲ್ಲ."

ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದಳು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಚಿಲಕ ತೆಗೆಯಲು ಕೈ ಬರಲಿಲ್ಲ. ಅಮ್ಮ ಆಗಲೇ ತನ್ನ ಚಾಪೆಯ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸುತ್ತಿದ್ದಳು.