ಎಡಕ್ಕೆ ಹೊಸೆದ ಹಗ್ಗ

ಸತ್ತವರು ಮರಳಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ದೈವಕ್ಕೆ ಕೈ ಮುಗಿಯುವವಳೇ ನಾನು, ಅದು ಬೇರೆ ಮಾತು. ಜೋರು ಮಳೆಯ ಆಟಿ ತಿಂಗಳು ಬಂದಾಗ, ತೀರಿಕೊಂಡ ಹಿರಿಯರಿಗೆ ಬಾಳೆಲೆ ಹಾಕಿ ಬಡಿಸುವ ನಮ್ಮ ಕ್ರಮವನ್ನು ಪಾಲಿಸುತ್ತಿದ್ದದ್ದೂ ನೆರೆಕರೆಯವರ ಬಾಯಿಗೆ ಹೆದರಿ. ಎಲೆಯ ಮೇಲಿನ ಕೋಳಿಸಾರನ್ನು ಕೊನೆಗೆ ತಿನ್ನುವವರು ನಾವೇ ತಾನೇ! ಆ ನಗು ಈಗಲೂ ಪೂರ್ತಿ ಹೋಗಿಲ್ಲ. ಆದರೆ ತೊಂಬತ್ತರ ದಶಕದ ಕೊನೆಯ ಒಂದು ಆಟಿಯ ಸಂಜೆ ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಹತ್ತಿರ. ಅಪ್ಪ ಬೇಗ ಹೋದರು. ಅಮ್ಮ ಧಣಿಗಳ ಅಂಗಳದಲ್ಲಿ ಅಕ್ಕಿಮುಡಿ ಕಟ್ಟುವ ಕೆಲಸ ಮಾಡಿ ನನ್ನನ್ನೂ ತಂಗಿ ಸುನೀತಳನ್ನೂ ಓದಿಸಿದಳು. ಬೈಹುಲ್ಲಿನಲ್ಲಿ ಅಕ್ಕಿ ತುಂಬಿ, ಬೈಹುಲ್ಲಿನದೇ ಹಗ್ಗ ಸುತ್ತಿ, ಒಳಗೆ ಗಾಳಿ ಹೋಗದಂತೆ ಬಿಗಿಯುವುದು ಗಂಡಸರ ಕೆಲಸ. ಅಮ್ಮ ಅವರ ಸಾಲಿನಲ್ಲೇ ಕೂತು, ಅಂಗೈಗೆ ಉಗುಳಿಕೊಂಡು ಹಗ್ಗ ಹೊಸೆಯುತ್ತಿದ್ದಳು. ಅವಳು ಎಡಚಿ. ಎಲ್ಲರ ಹಗ್ಗದ ಸುತ್ತು ಬಲಕ್ಕೆ ಹೋದರೆ ಅವಳದ್ದು ಎಡಕ್ಕೆ. "ನಿನ್ನ ಮುಡಿಯನ್ನು ಕತ್ತಲಲ್ಲಿ ಮುಟ್ಟಿಯೂ ಹೇಳಬಹುದು ಮಾರಾಯ್ತಿ" ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರಂತೆ.

ಮನೆಯ ಹಿಂದಿನ ಕೋಣೆಗೂ ಹಿಂದಿನ ಜಗಲಿಗೂ ನಡುವೆ ಪಕ್ಕಕ್ಕೆ ಎಳೆಯುವ ಬಾಗಿಲು. ಜಾಗ ಉಳಿಯುತ್ತದೆ ಎಂದು ಹೇಳಿ ಬಡಗಿ ಹಸಿ ಮರವನ್ನು ಕೂರಿಸಿದ. ಮೊದಲನೆಯ ಮಳೆಗೇ ಅದು ಬಿಲ್ಲಿನ ಹಾಗೆ ಬಾಗಿತು. ಎಷ್ಟು ಎಳೆದರೂ ಚೌಕಟ್ಟಿಗೂ ಬಾಗಿಲಿಗೂ ನಡುವೆ ಬೆರಳು ಹೋಗುವಷ್ಟು ಸಂದು. ಅಮ್ಮ ಪ್ರತಿ ಮಳೆಗಾಲದಲ್ಲಿ ಜಗಲಿಯ ಕಡೆಯಿಂದ ಆ ಸಂದಿಗೆ ಹಗ್ಗ ಹೊಸೆದು ತುರುಕಿ, "ಈ ಮಳೆಗೆ ಇಷ್ಟು ಸಾಕು" ಎನ್ನುತ್ತಿದ್ದಳು. ಮಳೆ ಮುಗಿದ ಮೇಲೆ ಅದನ್ನು ಕಿತ್ತು ಬಚ್ಚಲಿನ ಒಲೆಗೆ ಹಾಕುವುದು. ಹಾಗೆಯೇ ವರ್ಷಗಳು ಹೋದವು, ಅಮ್ಮನೂ ಹೋದಳು.

ಅಮ್ಮ ಹೋದ ಮರುವರ್ಷ ಸುನೀತ ಬಾಣಂತನಕ್ಕೆ ಬಂದಳು. ಗಂಡ ಮಸ್ಕತ್ತಿನಲ್ಲಿ. ಮಗು ದಿನ ತುಂಬುವ ಮೊದಲೇ ಹುಟ್ಟಿ, ಮಣಿಪಾಲದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದದ್ದು. ಥಂಡಿ ತಾಗಲೇಬಾರದು, ಇನ್ನೊಮ್ಮೆ ಕಫ ಕಟ್ಟಿದರೆ ಕಷ್ಟ ಎಂದು ಡಾಕ್ಟರು ಹೇಳಿ ಕಳುಹಿಸಿದ್ದರು. ಹೆರಿಗೆಯ ಸೂತಕ, ಅಮೆ, ಕಳೆದು ಪುಣ್ಯಾಹವೂ ಆಗಿತ್ತು. ಬೆಚ್ಚಗಿನ ಕೋಣೆ ಎಂದರೆ ಬಚ್ಚಲಿಗೆ ತಾಗಿದ ಆ ಹಿಂದಿನ ಕೋಣೆಯೊಂದೇ. ನಾನು ಶಾಲೆಯ ಟೀಚರು. ಪೇಪರು ಮಡಚಿ ಸಂದಿಗೆ ತುರುಕಿದೆ, ಮೇಲಿಂದ ಅಗಲದ ಗಮ್ ಟೇಪು ಅಂಟಿಸಿದೆ. ಕಡಲಗಾಳಿಯ ಪಸೆಗೆ ಟೇಪು ಬಾಳೆಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಮಗುವಿಗೆ ಸಣ್ಣಗೆ ಕೆಮ್ಮು ಸುರುವಾಯಿತು. "ಅಮ್ಮ ಇದ್ದಿದ್ದರೆ..." ಎಂದು ಸುನೀತ ಅರ್ಧ ಹೇಳಿ ಗೋಡೆಯ ಕಡೆಗೆ ತಿರುಗುತ್ತಿದ್ದಳು.

ಹಿರಿಯರಿಗೆ ಬಡಿಸುವ ದಿನವೂ ಬಂತು. ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಬರುತ್ತಿದ್ದ ಪಕ್ಕದ ಮನೆಯ ಕಲ್ಯಾಣಿಯಕ್ಕನೇ ನನ್ನ ಜೊತೆ ಅಡುಗೆಗೆ ನಿಂತರು. ದೀಪ ಹಚ್ಚುವ ಹೊತ್ತಿಗೆ ಹಿಂದಿನ ಜಗಲಿಯಲ್ಲಿ ಅಮ್ಮನಿಗೆ ಎಲೆ ಹಾಕಿ ಬಡಿಸಿದೆವು. ಬಡಿಸಿದ ಮೇಲೆ ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಅವರು ಉಣ್ಣುವಾಗ ನಾವು ಎದುರಿಗೆ ಇರಬಾರದು.

"ಸುನೀತ ಎಂತ ಮಾಡುವುದು ಕಲ್ಯಾಣಿಯಕ್ಕ? ಈ ಗಾಳಿಗೆ ಮಗುವನ್ನು ಹೊರಗೆ ತರಲಿಕ್ಕೆ ಉಂಟಾ?"

"ಅವಳು ಒಳಗೇ ಮಲಗಿರಲಿ. ಬಾಣಂತಿ ಮಗಳನ್ನು ನೋಡಿದರೆ ನಿನ್ನ ಅಮ್ಮ ಊಟ ಬಿಟ್ಟು ಏಳುತ್ತಾಳಾ ಎಂತ?"

ಬಾಗಿಲು ಎಳೆಯುವಾಗ ಟೇಪು ಮತ್ತೆ ಕಿತ್ತು ಬಂತು, ಪೇಪರೂ ಉದುರಿತು. ಬಂದು ಅಂಟಿಸಿದರಾಯಿತು ಎಂದುಕೊಂಡೆ. ಇಬ್ಬರೂ ಮನೆಯ ಎದುರುಗಡೆ ಮಾಡಿನ ಸೂರಿನ ಕೆಳಗೆ ಹೋಗಿ ನಿಂತೆವು. ಗಾಳಿ ಎದ್ದಿತು. ನನ್ನ ಮನಸ್ಸೆಲ್ಲ ಆ ಸಂದಿನ ಮೇಲೆ. ಒಳಗೆ ಹೋಗುತ್ತೇನೆ ಎಂದರೆ ಕಲ್ಯಾಣಿಯಕ್ಕ ಕೈ ಬಿಡಲಿಲ್ಲ. "ವರ್ಷಕ್ಕೊಂದು ಊಟ, ಸಮಾಧಾನದಲ್ಲಿ ಉಣ್ಣಲಿ ಬಿಡು" ಎಂದು ಗದರಿದರು.

ಕೊನೆಗೆ ಓಡಿದಂತೆಯೇ ಒಳಗೆ ಹೋದೆ. ಕೋಣೆ ಬೆಚ್ಚಗಿತ್ತು. ಮಗು ಕೆಮ್ಮದೆ ನಿದ್ರೆ ಮಾಡುತ್ತಿತ್ತು. ಸುನೀತ ಅರೆಗಣ್ಣು ತೆರೆದು ನಕ್ಕಳು.

"ಟೀಚರಮ್ಮ ಆಗಿ ಕೈಗೆ ಉಗುಳುವುದಾ ಅಕ್ಕ? ಗಲೀಜು! ಅಮ್ಮನ ಹಾಗೆಯೇ ಥೂ ಥೂ ಎಂದು ಎಷ್ಟು ಹೊತ್ತು ಹೊಸೆದೆ! ಆ ಸರಸರ ಕೇಳಿಯೇ ಮಗು ಮಲಗಿತು."

ನಾನು ಬಾಗಿಲ ಕಡೆ ನೋಡಿದೆ. ಸಂದು ಮೇಲಿನಿಂದ ಕೆಳಗಿನವರೆಗೂ ಮುಚ್ಚಿತ್ತು. ಕೈಯಿಟ್ಟೆ, ಗಾಳಿಯ ಎಳೆಯೂ ಇಲ್ಲ. ದೀಪ ಹಿಡಿದು ಬಚ್ಚಲಿನ ಮೂಲಕ ಜಗಲಿಗೆ ಸುತ್ತಿ ಬಂದೆ. ಎಲೆ ಬಡಿಸಿದ ಹಾಗೆಯೇ ಇತ್ತು, ಒಂದು ಅಗುಳೂ ಅಲುಗಿರಲಿಲ್ಲ. ನೀರೊಲೆ ಹಚ್ಚಲು ತಂದಿಟ್ಟ ಬೈಹುಲ್ಲಿನ ಕಂತೆ ಬಿಚ್ಚಿಕೊಂಡಿತ್ತು. ಸಂದಿಯಲ್ಲಿ ಹೊಸ ಹಗ್ಗ. ಬೆರಳಿನಿಂದ ಮುಟ್ಟಿ ನೋಡಿದೆ. ಒದ್ದೆ ಇನ್ನೂ ಆರಿರಲಿಲ್ಲ. ಸುತ್ತು ಎಡಕ್ಕೆ.

ಜಗಲಿಯದ್ದು ಮೋಟುಗೋಡೆ, ಯಾರು ಬೇಕಾದರೂ ದಾಟಿ ಬರಬಹುದು, ಒಪ್ಪುತ್ತೇನೆ. ಆದರೆ ಬಂದವರು ಕೋಳಿಸಾರು ಬಿಟ್ಟು ಸಂದು ಮುಚ್ಚಿ ಹೋಗುತ್ತಾರೆಯೇ? ಕಲ್ಯಾಣಿಯಕ್ಕ ಅಷ್ಟು ಹೊತ್ತೂ ಹೊರಗೆ ನನ್ನ ಕೈ ಹಿಡಿದೇ ನಿಂತಿದ್ದರು. ಅವರಿಗೆ ತೋರಿಸಿದೆ. ಅವರು ಎಲೆಯ ಎದುರು ಇನ್ನೊಂದು ಲೋಟ ನೀರು ಇಟ್ಟರು.

"ಹೊಸೆದದ್ದು ನೀನೇ ಅಲ್ವಾ?" ಎಂದು ಒಳಗಿನಿಂದ ಸುನೀತ ಕೂಗಿದಳು. ಹಸಿ ಬಾಣಂತಿಯನ್ನು ಹೆದರಿಸುವುದು ಹೇಗೆ? "ಹೌದು ಮಾರಾಯ್ತಿ, ನಾನೇ" ಎಂದೆ.

ಆ ಮಳೆಗಾಲ ಅಷ್ಟು ಸಾಕಾಯಿತು. ಮಗುವಿನ ಕೆಮ್ಮು ನಿಂತಿತು, ಮೈ ತುಂಬಿತು. ಮಳೆ ಕಳೆದ ಮೇಲೆ ಹೊಸ ಬಾಗಿಲು ಮಾಡಿಸಿದೆ. ಹಗ್ಗವನ್ನು ಒಲೆಗೆ ಹಾಕಲು ಮನಸ್ಸು ಬರಲಿಲ್ಲ.

ಆ ಮಗು ಶಾಲೆಗೆ ಹೋಗುವಷ್ಟು ದೊಡ್ಡವಳಾದಾಗ, ಒಂದು ರಜೆಯಲ್ಲಿ ಒಂದು ಹಿಡಿ ಬೈಹುಲ್ಲು ತಂದು ನನ್ನ ಎದುರು ಕೂತಳು. "ದೊಡ್ಡಮ್ಮ, ನಿಮಗೆ ಹಗ್ಗ ಹೊಸೆಯಲು ಬರುತ್ತದಂತೆ, ಅಮ್ಮ ಹೇಳಿದರು. ತೋರಿಸಿ." ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಂಗೈಗೆ ಉಗುಳಿಕೊಂಡು ಹೊಸೆದೆ. ಎಡಕ್ಕೆ ತಿರುಗಿಸಿದಷ್ಟೂ ಬಿಚ್ಚಿಕೊಂಡಿತು. ಬಲಕ್ಕೂ ನೋಡಿದೆ, ಅದೂ ಬಿಚ್ಚಿಕೊಂಡಿತು. ಹುಡುಗಿ ಬಿದ್ದು ಬಿದ್ದು ನಕ್ಕಳು.

"ದೊಡ್ಡಮ್ಮನಿಗೆ ಬರುವುದೇ ಇಲ್ಲ ಅಮ್ಮಾ!"

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಸದ್ದು ನಿಂತಿತು. ಸುನೀತ ಬಾಗಿಲಿಗೆ ಬಂದು ನನ್ನ ಕೈಯಲ್ಲಿದ್ದ ಹುಲ್ಲನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು. ತಿರುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ತುರಿಯುವ ಸದ್ದು ಮತ್ತೆ ಸುರುವಾಯಿತು, ಮೊದಲಿಗಿಂತ ಬಹಳ ನಿಧಾನವಾಗಿ.