ಡಾಕ್ಟರ್ ನೀಲಮ್ಮನವರ ಅಳತೆ

ರೋಗಿಯ ಮನೆಯವರು ಎಷ್ಟೇ ಆದರದಿಂದ ಕುರ್ಚಿ ತಂದಿಟ್ಟರೂ ಡಾಕ್ಟರ್ ನೀಲಮ್ಮನವರು ಅದರಲ್ಲಿ ಕುಳಿತದ್ದನ್ನು ನಾನು ಕಾಣೆ. ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ರೋಗಿಯ ಎದೆ ಏರಿಳಿಯುವುದನ್ನು ನೋಡುತ್ತಿದ್ದರು. ನಡುವೆ ಯಾರಾದರೂ ಬಾಯಿ ಹಾಕಿದರೆ, "ನೋವು ನಿಮಗೈತೋ, ಅವರಿಗೈತೋ? ಅವರ ಹೇಳ್ಲಿ ಬಿಡ್ರಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಮಾತು. ಹಡಗಲಿಯ ಬಳಿ ಮಲ್ಲಿಗೆ ತೋಟ ಮಾಡಿಕೊಂಡಿದ್ದ ನನ್ನ ತಂದೆಯ ಕ್ಯಾನ್ಸರ್ ಮೂಳೆಗೂ ಹರಡಿತ್ತು. ದೊಡ್ಡಾಸ್ಪತ್ರೆಯವರು ಮನೆಗೆ ಕಳುಹಿಸಿದ್ದರು. ಕೊಟ್ಟೂರಿನಲ್ಲಿ ಹೆರಿಗೆಯಾಗಿದ್ದ ಅಕ್ಕ ಕೂಸಿನೊಡನೆ ಬಂದಾಗ ಎಚ್ಚರವಾಗಿದ್ದು ಮಾತನಾಡಬೇಕೆಂಬುದೊಂದೇ ಅವರಿಗೆ ಉಳಿದಿದ್ದ ಆಸೆ.

ನೀಲಮ್ಮನವರು ಬಂದು ಚುಚ್ಚುತ್ತಿದ್ದ ಮಾರ್ಫಿನ್ನಿನ ಪ್ರಭಾವ ಇಳಿಯುತ್ತಲೇ ನೋವು ಮರಳುತ್ತಿತ್ತು. ಆದುದರಿಂದ ವೇಳೆವೇಳೆಗೆ ನಾವೇ ಕುಡಿಸಲೆಂದು ಅದನ್ನು ದ್ರವರೂಪದಲ್ಲಿ ತರಿಸಿಕೊಟ್ಟರು. ಪ್ರಮಾಣವು ಸೂಜಿಯದರ ಮೂರು ಪಟ್ಟು ಎಂದು ತಿಳಿದೊಡನೆ ಚಿಕ್ಕಪ್ಪ ಎದ್ದು ನಿಂತರು.

"ಮುಗಿಸಾಕ ಬಂದೀರೇನ್ರಿ?"

"ಕುಂದರಪ್ಪ. ತ್ವಾಟದಾಗ ಬಿಡಿಸಿದ ಹೂವೆಲ್ಲ ಚಲೋ ಇದ್ದಂಗ ಹರಪನಹಳ್ಳಿ ಮುಟ್ಟತಾವೇನು?"

"ದಾರ್ಯಾಗ ಒಂದಿಷ್ಟು ಬಾಡತಾವ್ರಿ."

"ಬಾಯಾಗ ಹಾಕಿದ ಔಷಧಾನೂ ಹಂಗ. ಕುರಿ ಕೊಯ್ದಾಗ ಕಲೇಜಿ ಅಂತೀರಲ್ಲ, ಲಿವರ್ರು, ಮನುಷ್ಯಾನ ಕಲೇಜಿಯೊಳಗ ಬಾಳಷ್ಟು ಕಳದು ಹೋಗತೈತಿ. ಉಳಿದದ್ದು ನೋವಿಗೆ."

ಅಂದಿನಿಂದ ಔಷಧ ಕುಡಿಸುವ ಕೆಲಸವನ್ನು ಚಿಕ್ಕಪ್ಪ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ತಂದೆ ಗೋಡೆಗೊರಗಿ ಕುಳಿತು ನಮ್ಮೊಡನೆ ಜಗಳವಾಡುವಷ್ಟು ಚೇತರಿಸಿಕೊಂಡರು.

ಅಕ್ಕ ಬರುವ ಹಿಂದಿನ ದಿನ ಅವರಿಗೆ ನುಂಗಲಾಗದಾಯಿತು. ನೀಲಮ್ಮನವರು ಮತ್ತೆ ಸೂಜಿ ಹಿಡಿದರು. ಚಿಕ್ಕಪ್ಪ ಮತ್ತೆ ತಕರಾರು ತೆಗೆದರು.

"ಕುಡಿಸಿದಷ್ಟ ಹಾಕ್ರಿ ಡಾಕ್ಟ್ರೇ. ಕಮ್ಮಿ ಮಾಡಿದ್ರ ಅಣ್ಣ ನರಳತಾನ."

"ಈಗ ಹೂವು ದಾರಿ ಹಿಡಿಯಂಗಿಲ್ಲಪ್ಪ, ಗಿಡದಿಂದ ಸೀದಾ ಮುಡಿಗೆ. ಅಷ್ಟೂ ಹಾಕಿದ್ರ ಉಸುರು ನಿಂತೀತು. ಮಗಳು ಬಂದು ಯಾರನ್ನ ಮಾತಾಡಿಸಬೇಕು?"

ಮೂರನೆಯ ಒಂದು ಭಾಗವನ್ನಷ್ಟೇ ಚುಚ್ಚಿ, ಅವರು ಸಂಜೆಯವರೆಗೂ ತಂದೆಯ ಉಸಿರನ್ನು ನೋಡುತ್ತ ಕುಳಿತರು. ಚಿಕ್ಕಪ್ಪ ಎದುರಿನಲ್ಲಿ ಮುನಿಸಿಕೊಂಡೇ ಕುಳಿತಿದ್ದರು. ತಂದೆ ನರಳದೆ ಕಣ್ಣು ತೆರೆದು ನೀರು ಕೇಳಿದಾಗ ಎದ್ದು ಹೋಗಿ, ಡಾಕ್ಟರಿಗೆ ತಾವೇ ಚಹಾ ಮಾಡಿ ತಂದರು.

ತಂದೆ ತೀರಿಕೊಂಡ ಕೆಲವು ತಿಂಗಳಿಗೆ ನೀಲಮ್ಮನವರಿಗೆ ವರ್ಗವಾಯಿತು. ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ಹೋದೆ. ಶಾಲೆಯ ಮಾಸ್ತರನಾದ ನಾನು ಕೃತಜ್ಞತೆಯ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು: "ಅವತ್ತು ಮಗಳ ಕೂಡ ಏನು ಮಾತಾಡಿದ್ರು, ಮಾಸ್ತರ?"

"ಕೂಸಿನ ಮೂಗು ಮುಟ್ಟಿ, 'ನನ್ನ ಮೂಗ ಬಂದೈತಲ್ಲವ್ವ ಇದಕ್ಕ, ಪಾಪ!' ಅಂದ್ರು."

ಬಸ್ಸು ಹೊರಟಿತು. ಕಿಟಕಿಯಿಂದ ನನ್ನ ಮೂಗನ್ನೇ ಪರೀಕ್ಷಿಸುವವರಂತೆ ನೋಡಿ, ನೀಲಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಾನು ಅವರನ್ನು ಕಾಣಲಿಲ್ಲ.