ಎದುರಾಳಿ ತಂಡದ ಗುಂಪಿನಲ್ಲಿ ನಿಂತವನು

ಹಳೇ ಸಾಮಾನು ಕೊಳ್ಳುವಾಗ ಸಾಮಾನು ನೋಡಬೇಡಿ, ತಂದವರ ಕೈ ನೋಡಿ. ಮೇಜಿನ ಮೇಲಿಟ್ಟು ಕೈ ತೆಗೆದರೆ ಚೌಕಾಶಿ ಶುರು ಮಾಡಬಹುದು. ಇಟ್ಟ ಮೇಲೂ ಬಿಡದಿದ್ದರೆ ಬೆಲೆ ಮಾತಾಡಿ ಪ್ರಯೋಜನವಿಲ್ಲ. ತೊಂಬತ್ತರ ದಶಕದಲ್ಲಿ ಸಿಂಗಪುರದ ಜುರಾಂಗ್ ವೆಸ್ಟಿನ ವಸತಿ ಬ್ಲಾಕೊಂದರ ಕೆಳಗೆ ಹಳೇ ಟಿವಿ, ವಿಸಿಆರ್ ಕೊಂಡು, ರಿಪೇರಿ ಮಾಡಿ ಮಾರುತ್ತಾ ನಾನು ಕಲಿತದ್ದು ಇದು.

ಆ ಆಸ್ಟ್ರೇಲಿಯಾದ ಯುವಕ ತನ್ನ ವಿಡಿಯೋ ಕ್ಯಾಸೆಟ್ಟಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಅಲ್ಲೇ ಬ್ಯೂನಾ ವಿಸ್ಟಾದ ಕಾಂಡೋ ಅಪಾರ್ಟ್‌ಮೆಂಟ್ ಒಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ. ಅದಕ್ಕೆ ಮೊದಲು ತನ್ನೂರಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದನಂತೆ. ನಮಗೆ ಗೊತ್ತಿರೋ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಅದನ್ನು ಹಿಡಿಯಲು ಒಬ್ಬರ ಹೆಗಲ ಮೇಲೆ ಮಂಡಿಯೂರಿ ಇನ್ನೊಬ್ಬರು ಹಾರುವ ಆಟ. ಒಂದೇ ಸೀಸನ್ ಆಡಿದ್ದು. ಹಾಗೆ ಹಾರಿ ಬಿದ್ದು ತಲೆಗೆ ಪೆಟ್ಟಾಯಿತು. ಡಾಕ್ಟರು ಆಟ ಬಿಡಿಸಿದರು.

"ಆ ಮ್ಯಾಚು ನನಗೆ ನೆನಪೇ ಇಲ್ಲ ಅಂಕಲ್," ಅಂದ. "ಅಮ್ಮ ಟೇಪ್ ಕಳಿಸಿದ್ದಳು, ನೋಡೋ ಧೈರ್ಯ ಬರಲಿಲ್ಲ. ಈಗ ಬೂಷ್ಟು ಹಿಡಿದಿದೆ, ಒರೆಸಿ ಕೊಡ್ತೀರಾ? ಶನಿವಾರ ಇಲ್ಲಿರೋ ನಮ್ಮೂರವರು ಒಂದು ಮ್ಯಾಚ್ ಇಟ್ಟುಕೊಂಡಿದ್ದಾರೆ. ಅವತ್ತು ಬಿದ್ದದ್ದು ಸಣ್ಣದಾಗಿದ್ದರೆ ನಾನೂ ಆಡ್ತೀನಿ."

"ಡಾಕ್ಟರು ಬೇಡ ಅಂದ ಮೇಲೆ ಟೇಪನ್ನ ಯಾಕಪ್ಪಾ ಕೇಳ್ತೀಯ?"

"ನಿಮ್ಮ ಅಂಗಡೀಲಿ ಎಲ್ಲದಕ್ಕೂ ಬೆಲೆ. ಸಲಹೆ ಮಾತ್ರ ಫ್ರೀ," ಅಂತ ನಕ್ಕ.

ಟೇಪನ್ನು ಬಿಚ್ಚಿ, ಕೈಯಲ್ಲೇ ಸುತ್ತುತ್ತಾ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಹಾಕಿದೆ. ಇಬ್ಬರೂ ಕೂತು ನೋಡಿದೆವು.

ಬಿದ್ದದ್ದು ಸಣ್ಣದೇ. ಹಾರಿದ, ಚೆಂಡು ಸಿಗಲಿಲ್ಲ, ಬಿದ್ದ, ಎದ್ದ. ಇವನು ನನ್ನ ತೊಡೆ ತಟ್ಟಿ, "ನೋಡಿದ್ರಾ ಅಂಕಲ್, ಏನೂ ಆಗಿಲ್ಲ," ಅಂದ.

ಅಷ್ಟರಲ್ಲಿ ವಿರಾಮದ ಸೈರನ್ ಆಯಿತು. ಎರಡೂ ತಂಡದವರು ತಮ್ಮ ತಮ್ಮ ಕೋಚ್ ಸುತ್ತ ಗುಂಪುಗೂಡಿದರು. ಪರದೆಯ ಮೇಲಿನ ಅವನು ಮೈದಾನ ದಾಟಿ ಎದುರಾಳಿಗಳ ಗುಂಪಿಗೆ ಹೋಗಿ ನಿಂತ. ಅಷ್ಟು ನೀಲಿ ಜರ್ಸಿಗಳ ನಡುವೆ ಅವನದೊಂದೇ ಹಳದಿ. ಅವರ ಕೋಚ್ ಹೇಳಿದ್ದಕ್ಕೆಲ್ಲ ಹೂಂ, ಹೂಂ ಅಂತ ತಲೆಯಾಡಿಸುತ್ತಿದ್ದ. ಕೊನೆಗೆ ಅವರಲ್ಲೇ ಒಬ್ಬ ಅವನ ಹೆಗಲು ಹಿಡಿದು, ಮೆಲ್ಲಗೆ ತಿರುಗಿಸಿ ಕಳಿಸಿದ. ಆಗಲೂ ನಗುತ್ತಿದ್ದ.

ಆ ನಗು ನನ್ನನ್ನು ಇನ್ನೂ ಬಿಟ್ಟಿಲ್ಲ. ಮದುವೆ ಮನೆಯಲ್ಲಿ, ಮೀಟಿಂಗಿನಲ್ಲಿ, ಯಾರಾದರೂ ಸುಮ್ಮನೆ ನಗುತ್ತಾ ತಲೆಯಾಡಿಸುತ್ತಿದ್ದರೆ ಮುಖ ನೋಡಲು ಹೆದರಿಕೆಯಾಗುತ್ತದೆ.

ಅವನೇ ರಿವೈಂಡ್ ಮಾಡಿ ಅಷ್ಟನ್ನು ಇನ್ನೊಮ್ಮೆ ನೋಡಿದ.

"ಅಷ್ಟು ಖುಷಿಯಾಗಿದ್ದೀನಲ್ಲ," ಅಂದ.

ಅವನು ಅಂಗಡಿಯ ಫೋನು ಎಳೆದುಕೊಂಡು ನಂಬರ್ ಒತ್ತಿದ. "ಶನಿವಾರ ಬರಲ್ಲ ಕಣೋ. ಇಲ್ಲ, ಕ್ಲಾಸ್ ಇದೆ," ಅಂತ ಹೇಳಿ ಇಟ್ಟ.

"ನಿಲ್ಲಿಸಲಾ?" ಅಂದೆ.

"ಬೇಡ, ಓಡಲಿ."

ಪರದೆಯಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿ ಟವೆಲ್ ಹೊದಿಸಿದ್ದರು. ಇಲ್ಲಿ ನನ್ನ ಸ್ಟೂಲಿನ ಮೇಲೆ ಇವನು. ಇಬ್ಬರೂ ಬಗ್ಗಿ ಕೂತು ಅದೇ ಆಟ ನೋಡುತ್ತಿದ್ದರು. ಯಾರು ಗೆಲ್ಲುತ್ತಾರೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.